ಘಟ್ಟದ ಮೇಲಿಂದ ಕಂಡ ಕರಾವಳಿಯ ಜನಜಂಗುಳಿ

ಶನಿವಾರ ಮಧ್ಯಾಹ್ನ ಕಳೆದ ಮೇಲೆ ಕಲಘಟಗಿಯಲ್ಲಿ ರಸ್ತೆ ದಾಟೋದು ಕಷ್ಟ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೂಲಕ ಅಂಕೋಲಾಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 ಈ ಊರಿನ ಮೇಲೆಯೇ ಹಾದು ಹೋಗುತ್ತದೆ. ಹಳಬರ ಬಾಯಲ್ಲಿ ಅದು ಇನ್ನೂ 63. ಕಾರು, ಕ್ರೂಸರ್, ಟೆಂಪೊ ಟ್ರಾವೆಲರ್, ತಲೆ ಮೇಲೆ ಪಾತ್ರೆ ಪಗಡೆ ಕಟ್ಟಿಕೊಂಡ ಮಿನಿ ಬಸ್ಸು, ಒಂದರ ಹಿಂದೆ ಒಂದು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಹಳ್ಳಿಗಳಿಂದ ಬಂದವರೂ ಅದರಲ್ಲಿ ಇರುತ್ತಾರೆ. ಚಹಾಕ್ಕೆ ಇಳಿದವರನ್ನು ಎಲ್ಲಿಗೆ ಪ್ರಯಾಣ ಅಂತ ಕೇಳಿದರೆ, ‘ಸಮುದ್ರ ನೋಡಾಕ ಹೊಂಟೇವ್ರಿ’ ಅನ್ನುತ್ತಾರೆ. ಗೋಕರ್ಣ, ಮುರುಡೇಶ್ವರ, ಅಲ್ಲಿಂದ ಕೆಳಗೆ ಉಡುಪಿ, ಮಲ್ಪೆ. ಭಾನುವಾರ ರಾತ್ರಿ ಅದೇ ಗಾಡಿಗಳು ಅದೇ ಸಾಲಿನಲ್ಲಿ ಘಟ್ಟ ಹತ್ತಿ ವಾಪಸ್.

ಘಟ್ಟ ಹತ್ತಿ ಬಂದು ಈ ಬಯಲು ಸೀಮೆಯಲ್ಲಿ ಮದ್ರಸ, ಮಸೀದಿ, ಅಂಗಡಿ, ಹೋಟೆಲು ಅಂತ ದುಡಿಯುತ್ತಿರುವ ನಮ್ಮಂಥ ಬ್ಯಾರಿಗಳಿಗೆ ಈ ಸಾಲು ನೋಡುವಾಗ ಎರಡು ಥರ ಅನಿಸುತ್ತದೆ. ಹೊರಟವರು ನಮ್ಮ ಅಕ್ಕಪಕ್ಕದವರು. ನಮ್ಮ ಮಕ್ಕಳ ಜೊತೆ ಕಲಿಯುವ ಮಕ್ಕಳು, ನಮಗೆ ಜೋಳ ಅಳೆದು ಕೊಡುವ ರೈತರು. ಅವರು ಹೋಗಿ ಇಳಿಯುವುದು ನಮ್ಮ ಊರಿಗೆ, ನಮ್ಮ ಉಮ್ಮ ಬಾವಿಯಿಂದ ನೀರು ಸೇದುವ ಊರಿಗೆ. ಊರಿಗೆ ಫೋನು ಮಾಡಿದರೆ ಅಲ್ಲಿನವರು ಹೇಳುವುದು ಬೇರೆಯೇ ಮಾತು: ಭಾನುವಾರ ಬೀಚು ರಸ್ತೆಯಲ್ಲಿ ಆಂಬುಲೆನ್ಸಿಗೂ ದಾರಿ ಇಲ್ಲ ಮಾರ್ರೆ, ಏಪ್ರಿಲ್ ಬಂತು ಅಂದ್ರೆ ಬಾವಿ ತಳ ಕಾಣ್ತದೆ, ಬಾಡಿಗೆ ಮನೆ ಕೇಳೋದೇ ಬೇಡ.

ಇದಕ್ಕೆ ಈಗ ಅತಿ ಪ್ರವಾಸೋದ್ಯಮ ಅಂತ ಹೆಸರಿಟ್ಟಿದ್ದಾರೆ. ಒಂದು ಊರಿನ ನೀರು, ರಸ್ತೆ, ಚರಂಡಿ, ಅಲ್ಲಿನವರ ತಾಳ್ಮೆ ಇವು ಹೊರುವಷ್ಟಕ್ಕಿಂತ ಹೆಚ್ಚು ಜನ ಬಂದು ಬಿದ್ದರೆ ಅದು ಅತಿ. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 2024ರ ಜುಲೈಯಲ್ಲಿ ಸ್ಥಳೀಯರು ಬೀದಿಗಿಳಿದು ಹೋಟೆಲಿನಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದ ಚಿತ್ರ ಪೇಪರಿನಲ್ಲಿ ಬಂದಿತ್ತು. ಇಟಲಿಯ ವೆನಿಸ್ ನಗರದವರು ಅದೇ ವರ್ಷ ಏಪ್ರಿಲ್ 25ರಿಂದ, ಜನ ಜಾಸ್ತಿ ಬರುವ ದಿನಗಳಲ್ಲಿ ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು. ಓದಿ ನಕ್ಕವರು ನಮ್ಮಲ್ಲಿ ಇದ್ದರು. ಊರಿಗೆ ಬರುವವರಿಂದ ಟಿಕೆಟು ತಗೊಳ್ಳೋದಾ ಅಂತ. ಮುರುಡೇಶ್ವರದಲ್ಲೋ ಮಲ್ಪೆಯಲ್ಲೋ ಡಿಸೆಂಬರ್ ಕೊನೆಯ ಭಾನುವಾರ ನಿಂತು ನೋಡಿದರೆ ಆ ನಗು ಉಳಿಯುವುದಿಲ್ಲ.

ಜನ ಯಾಕೆ ಹೀಗೆ ಒಮ್ಮೆಗೇ ಇಳಿಯುತ್ತಾರೆ ಅಂತ ಕೇಳಿಕೊಂಡರೆ, ಒಂದೇ ಕಾರಣ ಹೇಳೋಕೆ ಆಗೋದಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದಾಗ ಮುಂಬೈಗೂ ಗೋವಾಕ್ಕೂ ಕರಾವಳಿ ಹತ್ತಿರವಾಯಿತು. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ರಸ್ತೆ ಮತ್ತು ರಜೆ. ಬ್ಯಾಂಕುಗಳಿಗೆ 2015ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಬಂತು. ರಾಜ್ಯ ಸರ್ಕಾರಿ ನೌಕರರಿಗೂ 2019ರಿಂದ ನಾಲ್ಕನೇ ಶನಿವಾರ ಸೇರಿತು. ಬೆಂಗಳೂರಿನ ಕಂಪೆನಿಗಳಲ್ಲಿ ಐದೇ ದಿನದ ವಾರ. ಶುಕ್ರವಾರವೋ ಸೋಮವಾರವೋ ಒಂದು ಹಬ್ಬ ತಗುಲಿದರೆ ಮೂರು ದಿನ. ಎಲ್ಲರಿಗೂ ಒಂದೇ ದಿನ ರಜೆ, ಎಲ್ಲರ ಮೊಬೈಲಿನಲ್ಲೂ ಅದೇ ನಾಲ್ಕು ಜಾಗದ ವಿಡಿಯೊ. ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಉದ್ದದ ಕಡಲ ತೀರವಿದೆ ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಜನ ನಿಲ್ಲುವುದು ಅದರಲ್ಲಿ ಕೈಬೆರಳೆಣಿಕೆಯ ಜಾಗದಲ್ಲಿ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಆ ಹೆದ್ದಾರಿಯಲ್ಲೇ ಕಾರು ನಿಲ್ಲಿಸಿ ಫೋಟೊ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಧರ್ಮಸ್ಥಳ, ಕುಕ್ಕೆ, ಕೊಲ್ಲೂರು, ಉಡುಪಿ ಬಸ್ಸುಗಳು ಆ ಜೂನ್‌ನಲ್ಲಿ ಹೇಗೆ ತುಂಬಿ ಹೋದವು ಅನ್ನುವುದು ಎಲ್ಲರಿಗೂ ಗೊತ್ತಿದೆ. ಕರಾವಳಿಯ ಕೆಲವರು ಗೊಣಗಿದರು. ನಾವು ಇಲ್ಲಿ ಹಳ್ಳಿಯಲ್ಲಿ ಇದ್ದುಕೊಂಡು ಅದನ್ನು ಬೇರೆ ಕಣ್ಣಿನಿಂದ ನೋಡಿದ್ದೇವೆ. ಐವತ್ತು ವರ್ಷ ಹೊಲದಲ್ಲಿ ಕಳೆ ಕಿತ್ತ ಅಜ್ಜಿ, ನವಲಗುಂದ ಪೇಟೆ ಬಿಟ್ಟು ಆಚೆ ಹೋಗದವಳು, ಮೊದಲ ಸಲ ಸಮುದ್ರ ನೋಡಿ ಬಂದು ‘ಎಷ್ಟು ನೀರವ್ವಾ, ಎಲ್ಲಾ ಉಪ್ಪಂತ’ ಅಂತ ಹೇಳುವಾಗ ಆ ಮುಖ ನೋಡಬೇಕು. ಅಂಥವಳನ್ನು ಜನಜಂಗುಳಿ ಅಂತ ಲೆಕ್ಕ ಹಾಕಲು ನಮಗೆ ಮನಸ್ಸಿಲ್ಲ. ಅವಳು ಬಸ್ಸಿನಲ್ಲಿ ಬರುತ್ತಾಳೆ, ಬುತ್ತಿ ಕಟ್ಟಿಕೊಂಡು ಬರುತ್ತಾಳೆ, ಸಂಜೆಗೆ ಹೋಗುತ್ತಾಳೆ. ಒಂದು ಬಸ್ಸಿನಲ್ಲಿ ಐವತ್ತು ಜನ ಬಂದರೆ ರಸ್ತೆಯಲ್ಲಿ ಹಿಡಿಯುವ ಜಾಗ ಎಷ್ಟು, ಅದೇ ಐವತ್ತು ಜನ ಹದಿನೈದು ಕಾರಿನಲ್ಲಿ ಬಂದರೆ ಎಷ್ಟು? ರೂಮಿನಲ್ಲಿ ಏಸಿ, ಷವರು, ದಿನಕ್ಕೆ ಎರಡು ಸಲ ಸ್ನಾನ, ಈಜುಕೊಳ ಕೇಳುವವರಿಂದ ಬೀಳುವ ಹೊರೆ ಬೇರೆ.

ನೀರಿನ ಮಾತು ಬಂತು. ನವಲಗುಂದದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಉಡುಪಿಯಲ್ಲಿ 4,000 ಮಿಲಿಮೀಟರ್ ಆಸುಪಾಸು. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಚಪ್ಪರದಡಿ ಧರಣಿ ಕೂತ ಈ ಸೀಮೆಯವರಿಗೆ, ಅಷ್ಟು ಮಳೆ ಬೀಳುವ ಊರಿಗೂ ಟ್ಯಾಂಕರ್ ಬರುತ್ತದೆ ಅಂದರೆ ನಂಬಿಕೆಯೇ ಬರುವುದಿಲ್ಲ. ‘ನಿಮ್ಮೂರಾಗ ನೀರಿಗೇನ ಬರ’ ಅನ್ನುತ್ತಾರೆ. ಆದರೆ ಕರಾವಳಿಯ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಘಟ್ಟದಿಂದ ಸಮುದ್ರಕ್ಕೆ ದೂರ ಕಡಿಮೆ, ಹೊಳೆಗಳು ಗಿಡ್ಡ, ಬಿದ್ದ ನೀರು ಓಡಿಯೇ ಹೋಗುತ್ತದೆ. ಕೆಂಪು ಮುರಕಲ್ಲಿನ ನೆಲ ನೀರು ಕುಡಿದಷ್ಟೇ ಬೇಗ ಬಿಟ್ಟೂ ಬಿಡುತ್ತದೆ. ಹಾಗಾಗಿ ಮಾರ್ಚ್ ಕಳೆದರೆ ಬಾವಿ ಇಳಿಯುತ್ತದೆ. ಉಡುಪಿ ನಗರ ಕುಡಿಯುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು, ಮಂಗಳೂರು ನೇತ್ರಾವತಿಯ ತುಂಬೆಯದು. 2019ರ ಮೇಯಲ್ಲಿ ಎರಡು ಕಡೆಯೂ ನೀರು ತಳ ಕಂಡು, ವಾರ್ಡುಗಳಿಗೆ ಸರದಿ ಪ್ರಕಾರ ನೀರು ಬಿಡಬೇಕಾಯಿತು. 2023ರಲ್ಲಿ ಮುಂಗಾರು ತಡವಾದಾಗ ಮಂಗಳೂರಿನಲ್ಲಿ ಮತ್ತೆ ಅದೇ ಪಾಡು.

ಈಗ ಕ್ಯಾಲೆಂಡರ್ ನೋಡಿ. ಏಪ್ರಿಲ್, ಮೇ ಅಂದರೆ ಶಾಲೆಗೆ ರಜೆ. ಘಟ್ಟದ ಮೇಲಿನವರೆಲ್ಲ ಕರಾವಳಿಗೆ ಇಳಿಯುವ ಕಾಲ. ಬಾವಿ ಬತ್ತುವುದಕ್ಕೂ ರೂಮು ತುಂಬುವುದಕ್ಕೂ ಒಂದೇ ತಿಂಗಳು. ಲಾಡ್ಜಿನವನಿಗೆ ಟ್ಯಾಂಕರ್ ತರಿಸುವ ತಾಕತ್ತಿದೆ. ಪಕ್ಕದ ಓಣಿಯವನಿಗೆ ಇಲ್ಲ. ಕಡಲ ಹತ್ತಿರದ ಜಾಗದಲ್ಲಿ ಕೊಳವೆಬಾವಿ ಹಾಕಿ ಹೆಚ್ಚು ಎಳೆದರೆ ಒಳಗಿನಿಂದ ಉಪ್ಪು ನೀರು ನುಗ್ಗುತ್ತದೆ. ಒಮ್ಮೆ ಉಪ್ಪಾದ ಬಾವಿ ಸುಲಭಕ್ಕೆ ಸಿಹಿ ಆಗುವುದಿಲ್ಲ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕೇಳುವವರೇ ಕಡಿಮೆ. ಉಡುಪಿಯ ಇಂದ್ರಾಣಿ ಹೊಳೆಗೆ ನಗರದ ಕೊಳಚೆ ಸೇರಿ ದಡದ ಬಾವಿಗಳು ಕೆಟ್ಟವು ಅಂತ ಅಲ್ಲಿನವರು ವರ್ಷಗಳಿಂದ ದೂರುತ್ತಿದ್ದಾರೆ. ಅದೆಲ್ಲ ಪ್ರವಾಸಿಗರದ್ದೇ ಅಂತ ಹೇಳಿದರೆ ಸುಳ್ಳಾಗುತ್ತದೆ, ಊರೇ ಬೆಳೆದಿದೆ. ಆದರೆ ಊರಿನವರಿಗೇ ಸಾಲದ ಚರಂಡಿ ಇರುವಲ್ಲಿ ಶನಿವಾರ, ಭಾನುವಾರ ಇನ್ನಷ್ಟು ಸಾವಿರ ಜನ ಬಂದು ಉಳಿದರೆ ಹೊರೆ ಎಲ್ಲಿ ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ಕಿನ ಕಥೆ ಬೇಡ. ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ, ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2022ರ ಜುಲೈಯಿಂದ. ಸೋಮವಾರ ಬೆಳಗ್ಗೆ ಬೀಚಿಗೆ ಹೋದವರಿಗೆ ನಿಷೇಧದ ಸ್ಥಿತಿ ಗೊತ್ತಾಗುತ್ತದೆ.

ದುಡ್ಡು ಬರುವುದಿಲ್ಲವೇ ಅಂತ ಕೇಳಬಹುದು. ಬರುತ್ತದೆ. ನಮ್ಮವರೂ ಅದರಲ್ಲಿ ಉಣ್ಣುತ್ತಿದ್ದಾರೆ. ಬೊಂಡ ಮಾರುವವರು, ಆಟೊ ಓಡಿಸುವವರು, ಮೀನೂಟದ ಹೋಟೆಲಿನವರು, ಸಣ್ಣ ಲಾಡ್ಜು ಇಟ್ಟವರು. ಗಲ್ಫಿನಿಂದ ವಾಪಸಾದ ಎಷ್ಟೋ ಹುಡುಗರಿಗೆ ಒಂದು ಟ್ಯಾಕ್ಸಿ, ಒಂದು ಜ್ಯೂಸ್ ಅಂಗಡಿ ಆಸರೆಯಾಗಿದೆ. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಆದರೆ ದೊಡ್ಡ ಪಾಲು ಎಲ್ಲಿಗೆ ಹೋಗುತ್ತದೆ? ರೂಮು ಬುಕ್ ಆಗುವುದು ಮೊಬೈಲಿನಲ್ಲಿ, ಕಮಿಷನ್ ಕತ್ತರಿಸಿಕೊಳ್ಳುವ ಕಂಪೆನಿ ಎಲ್ಲೋ ದೂರದಲ್ಲಿ. ರೆಸಾರ್ಟಿನ ಜಾಗ ಲೀಸಿಗೆ ಹಿಡಿದವನು ಬೇರೆ ಊರಿನವನು, ಕೆಲಸಕ್ಕೆ ಇರುವ ಹುಡುಗರೂ ಬೇರೆ ರಾಜ್ಯದವರು. ಊರಿನವನಿಗೆ ಸಿಗುವುದು ಪಾರ್ಕಿಂಗ್ ಚೀಟಿ ಹರಿಯುವ ಕೆಲಸ. ಜೊತೆಗೆ, ತಿಂಗಳ ಬಾಡಿಗೆಗೆ ಸಿಗುತ್ತಿದ್ದ ಮನೆಗಳು ದಿನದ ಬಾಡಿಗೆಯ ಹೋಮ್‌ಸ್ಟೇ ಆದವು. ಒಂದು ತಿಂಗಳಿಗೆ ಸಿಗುವಷ್ಟು ನಾಲ್ಕು ರಾತ್ರಿಗೇ ಸಿಗುವುದಾದರೆ ಮಾಲೀಕ ಯಾರಿಗೆ ಕೊಡುತ್ತಾನೆ? ಕಡಲ ಪಕ್ಕದ ಊರಿನಲ್ಲಿ ಶಾಲಾ ಟೀಚರಿಗೆ, ನರ್ಸಿಗೆ, ಉಸ್ತಾದರಿಗೆ ಬಾಡಿಗೆ ಮನೆ ಹುಡುಕಿಕೊಡಲು ಹೊರಟ ಜಮಾಅತ್ ಕಮಿಟಿಯವರಿಗೆ ಇದು ಚೆನ್ನಾಗಿ ಗೊತ್ತು.

ಮೀನುಗಾರರ ಪಾಡು ಇನ್ನೂ ಬೇರೆ. ಕೈರಂಪಣಿ ಬಲೆ ಎಳೆಯುವುದು ದಡದಿಂದ. ಅದಕ್ಕೆ ಖಾಲಿ ಮರಳು ಬೇಕು, ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತು ಎಳೆಯಲು ಜಾಗ ಬೇಕು. ಮೀನು ಒಣಗಿಸುವ ಹೆಂಗಸರಿಗೂ ಅದೇ ಮರಳು ಬೇಕು. ಅಲ್ಲಿ ಕುರ್ಚಿ, ಕೊಡೆ, ಬೋಟಿಂಗ್ ಕೌಂಟರ್ ಬಂದ ಮೇಲೆ ಒಣಮೀನಿನ ವಾಸನೆ ಬಂದವರಿಗೆ ತೊಂದರೆಯಾಗುತ್ತದೆ! ತಲೆಮಾರಿನಿಂದ ಅಲ್ಲೇ ಇದ್ದವರನ್ನು ಮೊನ್ನೆ ಬಂದವರಿಗೋಸ್ಕರ ಬದಿಗೆ ಸರಿಸುವುದು. ಕಾನೂನೂ ಸಡಿಲವಾಗಿದೆ. 2019ರ ಜನವರಿಯಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಹೊಸ ಅಧಿಸೂಚನೆಯು, ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ ಕಟ್ಟಡ ಕಟ್ಟಬಾರದ ಜಾಗವನ್ನು ಭರತದ ಗೆರೆಯಿಂದ 200 ಮೀಟರ್ ಇದ್ದದ್ದನ್ನು 50 ಮೀಟರಿಗೆ ಇಳಿಸಿತು. ಬೀಚಿನಲ್ಲಿ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೂ ಅವಕಾಶ ಕೊಟ್ಟಿತು. ಮೀನುಗಾರನ ಗುಡಿಸಲಿಗೆ ಅಡ್ಡ ಬರುತ್ತಿದ್ದ ನಿಯಮ ಸಡಿಲಾದರೆ ಅವನಿಗೂ ಲಾಭ ಅಂತ ವಾದವಿತ್ತು. ಆದರೆ 50 ಮೀಟರಿನ ಆಚೆ ಜಾಗ ಕೊಳ್ಳುವ ಶಕ್ತಿ ಯಾರಿಗಿದೆ ಅನ್ನುವುದು ನೋಡಬೇಕಾದ ಮಾತು.

ರಸ್ತೆಯ ಬಗ್ಗೆಯೂ ಒಂದು ಮಾತು. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಅಗಲ ರಸ್ತೆ ಬೇಕು, ಬೇಗ ತಲುಪಬೇಕು. 2021ರ ಜುಲೈ ಮಳೆಗೆ ಅರಬೈಲ್ ಘಾಟಿಯಲ್ಲಿ ಗುಡ್ಡ ಕುಸಿದು ಇದೇ ಕಲಘಟಗಿ ರಸ್ತೆ ಬಂದ್ ಆಗಿತ್ತು. 2024ರ ಜುಲೈ 16ರ ಬೆಳಗ್ಗೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ಕ್ಕಾಗಿ ಕಡಿದ ಗುಡ್ಡ ಜಾರಿ, ರಸ್ತೆ ಬದಿಯ ಚಹಾ ಅಂಗಡಿಯ ಸಂಸಾರವನ್ನೂ ನಿಂತಿದ್ದ ಲಾರಿಗಳನ್ನೂ ಗಂಗಾವಳಿಗೆ ತಳ್ಳಿತು. ಕೇರಳದ ಚಾಲಕನ ಲಾರಿ ನದಿಯಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಆ ಎಪ್ಪತ್ತು ದಿನ ಮಲಬಾರಿನಿಂದ ಮಂಗಳೂರಿನವರೆಗೆ ಎಷ್ಟು ಮನೆಗಳಲ್ಲಿ ದುಆ ನಡೆಯಿತು ಅನ್ನುವುದು ಈ ಪುಟದ ಓದುಗರಿಗೆ ನೆನಪಿದೆ.

ಸಮುದ್ರ ಗೊತ್ತಿಲ್ಲದವರು

ಈ ಎಲ್ಲದರಲ್ಲಿ ನಮಗೆ ಅತಿ ಹೆಚ್ಚು ಸಂಕಟ ಕೊಡುವುದು ನೀರಿನಲ್ಲಿ ಹೋಗುವ ಜೀವಗಳು. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡರು. ಮುಖ್ಯ ಶಿಕ್ಷಕಿಯ ಅಮಾನತು ಆಯಿತು, ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು, ಕಡಲ ತೀರವನ್ನು ಕೆಲವು ದಿನ ಮುಚ್ಚಿದರು. ಅದಕ್ಕೂ ಮೊದಲು 2022ರ ಏಪ್ರಿಲ್‌ನಲ್ಲಿ ಕೇರಳದ ಕಾಲೇಜೊಂದರ ಮೂವರು ವಿದ್ಯಾರ್ಥಿಗಳು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಹೀಗೆಯೇ ಹೋದರು. ನಮ್ಮ ಉಳ್ಳಾಲದ ಪಕ್ಕದ ಸೋಮೇಶ್ವರದಲ್ಲಿ ಎಷ್ಟು ಮಂದಿ ಹೋಗಿದ್ದಾರೆ ಅಂತ ಅಲ್ಲಿನ ಈಜುಗಾರರನ್ನು ಕೇಳಬೇಕು.

ಕಡಲ ಪಕ್ಕ ಹುಟ್ಟಿ ಬೆಳೆದವರಿಗೆ ಸಮುದ್ರದ ಮೇಲೆ ಹೆದರಿಕೆ ಇರುತ್ತದೆ. ಬಯಲು ಸೀಮೆಯ ಮಗುವಿಗೆ ಅದು ದೊಡ್ಡ ಕೆರೆ. ಕೆರೆಯಲ್ಲಿ ಅಲೆ ಇಲ್ಲದ ಜಾಗ ಸುರಕ್ಷಿತ. ಸಮುದ್ರದಲ್ಲಿ ಅಲೆ ಒಡೆಯದೆ ಸುಮ್ಮನೆ ಕಾಣುವ ಜಾಗ ಎಷ್ಟೋ ಸಲ ಅಪಾಯದ ಜಾಗ. ಯಾಕೆ ಅಂದರೆ, ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಲೇಬೇಕು. ನೀರಿನಡಿಯ ಮರಳು ದಿಬ್ಬದಲ್ಲಿ ಎಲ್ಲಿ ಒಂದು ತಗ್ಗು ಇದೆಯೋ ಅಲ್ಲಿ ಆ ನೀರೆಲ್ಲ ಸೇರಿ ಕಾಲುವೆಯ ಹಾಗೆ ಒಳಕ್ಕೆ ಓಡುತ್ತದೆ. ಆ ಕಾಲುವೆಯ ಮೇಲೆ ನೊರೆ ಕಡಿಮೆ, ಅಲೆ ಒಡೆಯುವುದು ಕಡಿಮೆ, ನೀರು ಸ್ವಲ್ಪ ಕಪ್ಪಗೆ ಕಾಣುತ್ತದೆ. ಗೊತ್ತಿಲ್ಲದವರು ಇಲ್ಲಿ ಅಲೆ ಇಲ್ಲ, ಇಲ್ಲಿಯೇ ಆಡೋಣ ಅಂತ ಅಲ್ಲಿಗೇ ಇಳಿಯುತ್ತಾರೆ. ಮೊಣಕಾಲು ನೀರಿನಲ್ಲಿ ನಿಂತವರನ್ನೂ ಅದು ಕಾಲಡಿಯ ಮರಳಿನ ಸಮೇತ ಎಳೆಯುತ್ತದೆ. ಹೆದರಿ ನೇರ ದಡದ ಕಡೆ ಈಜಲು ಹೋದವರು ಸುಸ್ತಾಗುತ್ತಾರೆ. ಪ್ರಾಣ ಹೋಗುವುದು ಆ ಸುಸ್ತಿನಿಂದ. ಮೀನುಗಾರರು ಹೇಳುವುದು, ಸೆಳೆತದ ಎದುರು ಈಜಬೇಡಿ, ತೇಲಿಕೊಂಡು ದಡಕ್ಕೆ ಸಮಾನವಾಗಿ ಎಡಕ್ಕೋ ಬಲಕ್ಕೋ ಸರಿಯಿರಿ, ಸೆಳೆತದ ಕಾಲುವೆ ಅಗಲ ಇರೋದಿಲ್ಲ, ಅದರಿಂದ ಹೊರಬಂದ ಮೇಲೆ ಅಲೆಯೇ ದಡಕ್ಕೆ ತಳ್ಳುತ್ತದೆ ಅಂತ. ಈಜು ಬಾರದವರಿಗೆ ಈ ಬುದ್ಧಿಯೂ ಉಪಯೋಗಕ್ಕಿಲ್ಲ. ಅವರು ಪಾದ ನೆನೆಸಿಕೊಂಡು ಬಂದರೆ ಸಾಕು. ಒಬ್ಬರು ಮುಳುಗುತ್ತಿದ್ದಾರೆ ಅಂತ ಈಜು ಬಾರದ ಇನ್ನಿಬ್ಬರು ಹಾರುವುದರಿಂದಲೇ ಒಂದು ಸಾವು ಮೂರಾಗುವುದು. ಹಗ್ಗ, ಖಾಲಿ ಕ್ಯಾನು, ಸೀರೆ, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು, ಕೂಗಬೇಕು, ಇಳಿಯಬಾರದು.

ಜನಜಂಗುಳಿಗೂ ಇದಕ್ಕೂ ನೇರ ಸಂಬಂಧ ಇದೆ. ನೂರು ಜನ ಇರುವ ಬೀಚಿನಲ್ಲಿ ಇಬ್ಬರು ಲೈಫ್‌ಗಾರ್ಡ್ ಸಾಕಾಗಬಹುದು. ಐದು ಸಾವಿರ ಜನ ಇಳಿದಾಗ ಅವರ ಸೀಟಿ ಯಾರಿಗೂ ಕೇಳಿಸುವುದಿಲ್ಲ. ಕೇಳಿಸಿದರೂ ‘ದುಡ್ಡು ಕೊಟ್ಟು ಬಂದೇವಿ, ನೀ ಯಾರು ಕೇಳಾಕ’ ಅನ್ನುವವರಿದ್ದಾರೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಶಾಲೆಯ ಮಕ್ಕಳಿಗೆ ಬೀಚಿಗೆ ಅಂತ ಸಿಗುವುದು ಒಂದೋ ಎರಡೋ ತಾಸು. ಮುಂದೆ ಇನ್ನೂ ಮೂರು ಜಾಗ ಇದೆ, ಬೇಗ ಬೇಗ. ಬಸ್ಸಿಂದ ಇಳಿದವರು ಓಡಿ ನೀರಿಗೆ ಬೀಳುತ್ತಾರೆ. ಆವತ್ತು ಸಮುದ್ರ ಹೇಗಿದೆ, ಭರತವೋ ಇಳಿತವೋ, ಕೆಂಪು ಬಾವುಟ ಎಲ್ಲಿದೆ ಅಂತ ನೋಡಲು ಯಾರಿಗೆ ಪುರುಸೊತ್ತು?

ನಮ್ಮ ಸಮುದಾಯದ ಬಗ್ಗೆಯೂ ಹೇಳದೆ ಹೋದರೆ ಸರಿಯಾಗುವುದಿಲ್ಲ. ಪೆರ್ನಾಲ್ ದಿನ ಮಧ್ಯಾಹ್ನ ಬಿರಿಯಾನಿ ಉಂಡು ಬೈಕು ಹತ್ತಿದ ಹುಡುಗರು ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರದ ಕಡೆ ಹೊರಡುತ್ತಾರೆ. ಹೊಸ ಬಟ್ಟೆ, ಒಂದು ಬೈಕಿನಲ್ಲಿ ಮೂವರು. ಜೂನ್, ಜುಲೈಯಲ್ಲಿ ಹಬ್ಬ ಬಂದರೆ ಇನ್ನೂ ಹೆದರಿಕೆ. ಯಾಂತ್ರಿಕ ದೋಣಿಗಳಿಗೇ 61 ದಿನ ಮೀನುಗಾರಿಕೆ ನಿಷೇಧ ಇರುವ ಕಾಲ ಅದು, ದೊಡ್ಡ ಬೋಟುಗಳೇ ದಕ್ಕೆಯಲ್ಲಿ ಕಟ್ಟಿ ನಿಂತಿರುತ್ತವೆ. ಖುತುಬದಲ್ಲಿ ಎರಡು ಮಾತು ಹೇಳುವ ಖತೀಬರಿದ್ದಾರೆ, ಅಲ್ಲಾಹು ಅವರಿಗೆ ಒಳ್ಳೆಯದು ಮಾಡಲಿ. ಹಬ್ಬದ ದಿನ ಮಗನ ಬೈಕಿನ ಕೀಲಿ ತೆಗೆದಿಡುವ ಬಾಪಂದಿರೂ ಇದ್ದಾರೆ.

ಮಿತಿ ಹಾಕುವ ಮಾತು

ಇಷ್ಟು ಜನ ಸಾಕು ಅಂತ ಹೇಳುವುದು ಅತಿಥಿ ಸತ್ಕಾರಕ್ಕೆ ವಿರೋಧ ಅಂತ ಹಲವರಿಗೆ ಅನಿಸುತ್ತದೆ. ಹಜ್ಜನ್ನೇ ನೋಡಿ. ಹೋಗುವ ಆಸೆ ಇಲ್ಲದ ಮುಸ್ಲಿಂ ಇಲ್ಲ. ಆದರೂ 1980ರ ದಶಕದ ಕೊನೆಯಲ್ಲಿ ಇಸ್ಲಾಮಿಕ್ ದೇಶಗಳ ಸಂಘಟನೆ ಸಾವಿರ ಮುಸ್ಲಿಮರಿಗೆ ಒಬ್ಬರಂತೆ ಪ್ರತಿ ದೇಶಕ್ಕೂ ಪಾಲು ಗೊತ್ತುಮಾಡಿತು. ಈಚಿನ ವರ್ಷಗಳಲ್ಲಿ ಭಾರತದ ಪಾಲು 1,75,025. ಮದೀನಾದಲ್ಲಿ ರೌಳಾ ಶರೀಫಿಗೆ ಹೋಗಬೇಕಾದರೆ ಮೊಬೈಲಿನಲ್ಲಿ ಮೊದಲೇ ಸಮಯ ತೆಗೆದುಕೊಳ್ಳಬೇಕು. ಯಾರೂ ಇದನ್ನು ಅವಮಾನ ಅಂದುಕೊಂಡಿಲ್ಲ. ಮಿನಾ, ಅರಫಾದ ಜಾಗ ಇರುವಷ್ಟೇ ಇದೆ.

ಪಕ್ಕದ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕನಾಲಿಗೆ ಹೋಗುವ ಗಾಡಿಗಳಿಗೆ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ಊಟಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ಗಾಡಿ ಅಂತ ಲೆಕ್ಕ ಹಾಕಿದರು. ಸ್ಥಳೀಯರ ಗಾಡಿಗೂ ಸರ್ಕಾರಿ ಬಸ್ಸಿಗೂ ವಿನಾಯಿತಿ ಇದೆ. ಅಂಗಡಿಯವರು ಬಂದ್ ಕೂಡಾ ಮಾಡಿದರು, ವ್ಯಾಪಾರ ಹೋಗುತ್ತದೆ ಅಂತ. ಅವರ ಸಂಕಟ ಸುಳ್ಳಲ್ಲ. ನಮ್ಮಲ್ಲಿಯೂ 2024ರ ಜನವರಿ ಕೊನೆಗೆ ಕುಮಾರ ಪರ್ವತಕ್ಕೆ ಸಾಲು ರಜೆಯಲ್ಲಿ ಇರುವೆ ಸಾಲಿನಂತೆ ಜನ ಹತ್ತಿದ ವಿಡಿಯೊ ಬಂದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮಾಡಿ, ದಿನಕ್ಕೆ ಇಷ್ಟೇ ಜನ ಅಂತ ಗೊತ್ತುಮಾಡಿತು. ಬೆಟ್ಟಕ್ಕೆ ಆಗುವುದು ಬೀಚಿಗೆ ಯಾಕೆ ಆಗುವುದಿಲ್ಲ ಅಂತ ಕೇಳಬಹುದು. ಬೀಚಿಗೆ ಒಂದೇ ಬಾಗಿಲಿಲ್ಲ, ನೂರು ಓಣಿ ಇವೆ. ಆದರೆ ಬಸ್ಸು, ಕಾರು ನಿಲ್ಲುವ ಜಾಗಕ್ಕೆ ಬಾಗಿಲಿದೆ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲೇ ಹೋಗಬೇಕು, ಅಲ್ಲಿ ತಲೆ ಎಣಿಸುವುದು ಇನ್ನೂ ಸುಲಭ. ಕೋಟಿಗಟ್ಟಲೆ ವರ್ಷದ ಹಿಂದೆ ಲಾವಾ ಹೆಪ್ಪುಗಟ್ಟಿ ಆದ ಕಂಬದ ಹಾಗಿನ ಕಲ್ಲುಗಳಿಂದಾಗಿ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಾದ ದ್ವೀಪ ಅದು, ರಜಾ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಬದಲಿಗೆ ಸರ್ಕಾರಗಳಿಗೆ ಹೊಳೆಯುವುದು ಯಾವಾಗಲೂ ಇನ್ನೊಂದು ಆಕರ್ಷಣೆ. 2022ರ ಮೇಯಲ್ಲಿ ಮಲ್ಪೆಯಲ್ಲಿ ತೇಲುವ ಸೇತುವೆ ಉದ್ಘಾಟನೆಯಾಗಿ, ಕೆಲವೇ ದಿನದಲ್ಲಿ ಅಲೆಗೆ ಬಿಚ್ಚಿಕೊಂಡಿತು. ಮಳೆಗಾಲ ಹತ್ತಿರ ಬರುತ್ತಿದ್ದ ತಿಂಗಳದು. ಊರಿನ ಮೀನುಗಾರರಲ್ಲಿ ಒಬ್ಬರನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಇನ್ನೊಂದು ಬಗೆಯ ಪ್ರಯತ್ನವೂ ಇದೆ, ಅದನ್ನು ಹೇಳಬೇಕು. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಪರೀಕ್ಷೆ, ಶೌಚಾಲಯ, ಕಸದ ವ್ಯವಸ್ಥೆ, ಕಾವಲುಗಾರರು ಇದ್ದರಷ್ಟೇ ಅದು ಸಿಗುವುದು. ಗಡಿ ಹಾಕಿದ ಜಾಗದಲ್ಲೇ ಈಜಬೇಕು.

ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಹೋಳಿ ಕಳೆದ ಮೇಲೆ ರಾಜಾಬಾಗ್ ಸವಾರರ ಉರೂಸು ನಡೆಯುತ್ತದೆ. ಹಿಂದೂಗಳು, ಮುಸ್ಲಿಮರು ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಾರೆ, ಬೆಣ್ಣಿಹಳ್ಳದಲ್ಲಿ ಮೀಯುತ್ತಾರೆ. ಅಲ್ಲಿಯೂ ಜನ ಸಾಗರ, ಧೂಳು, ಕಸ, ಎಲ್ಲ ಇದೆ. ಆದರೆ ಅದು ವರ್ಷಕ್ಕೊಮ್ಮೆ. ಊರು ಅದಕ್ಕೆ ತಯಾರಾಗುತ್ತದೆ, ಮುಗಿದ ಮೇಲೆ ಸುಧಾರಿಸಿಕೊಳ್ಳಲು ಹನ್ನೊಂದು ತಿಂಗಳು ಸಿಗುತ್ತದೆ. ಕರಾವಳಿಯಲ್ಲಿ ಈಗ ಪ್ರತಿ ಶನಿವಾರ ಜಾತ್ರೆ, ಸೋಮವಾರದಿಂದ ಶುಕ್ರವಾರದವರೆಗೆ ಸುಧಾರಿಸಿಕೊಳ್ಳಬೇಕು.

ಅದೇ ನವಲಗುಂದದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ನೇಯುವ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕಲಘಟಗಿಯ ಬಣ್ಣದ ತೊಟ್ಟಿಲು ಈ ಸೀಮೆಯಲ್ಲೆಲ್ಲ ಹೆಸರುವಾಸಿ. ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿ ಇದೆ, ಪಂಪನ ಊರು ಅಂತ ಹೇಳುತ್ತಾರೆ. ಕುಂದಗೋಳ ಸವಾಯಿ ಗಂಧರ್ವರ ಊರು. ಇಲ್ಲಿಗೆ ಬಂದು ಹೋಗುವ ಗಾಡಿಗಳನ್ನು ಎಣಿಸಬಹುದು. ಒಂದು ಕಡೆ ಜನ ತಡೆಯಲಾರದಷ್ಟು, ಇನ್ನೊಂದು ಕಡೆ ಜಮಖಾನೆ ನೇಯುವವಳಿಗೆ ಗಿರಾಕಿ ಇಲ್ಲ. ಮಂಗಳೂರು, ಉಡುಪಿಯ ನಮ್ಮವರು ಘಟ್ಟ ಹತ್ತಿ ಒಂದು ದಿನ ಈ ಕಡೆಯೂ ಬರಬಹುದು. ರೊಟ್ಟಿ, ಶೇಂಗಾ ಚಟ್ನಿ ಉಣ್ಣಿಸುವ ಹೊಣೆ ನಮ್ಮದು.

ನಮ್ಮ ಮದ್ರಸಗಳಿಗೆ ಶುಕ್ರವಾರ ರಜೆ, ಭಾನುವಾರ ಕ್ಲಾಸು. ಇದರಿಂದ ಮಕ್ಕಳಿಗೆ ಬೇಜಾರು ಇದ್ದದ್ದೇ. ಆದರೆ ಮದ್ರಸದಿಂದ ಪ್ರವಾಸ ಹೊರಡುವ ಕಮಿಟಿಯವರಿಗೆ ಇದು ಅನುಕೂಲ. ಶಾಲೆಗೆ ರಜೆ ಇರುವ ತಿಂಗಳುಗಳಲ್ಲಿ ವಾರದ ನಡುವಿನ ದಿನ ಗೊತ್ತುಮಾಡಿದರೆ ರೂಮಿನ ದರವೂ ಕಡಿಮೆ, ಬೀಚಿನಲ್ಲಿ ಕಾವಲಿನವರ ಕಣ್ಣೂ ನಮ್ಮ ಮಕ್ಕಳ ಮೇಲೆ ಇರುತ್ತದೆ. ಐದು ಜಾಗ ತುರುಕಿ ಓಡುವ ಬದಲು ಎರಡೇ ಜಾಗ ಇಟ್ಟುಕೊಳ್ಳಬಹುದು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಅದರಲ್ಲಿ ಈಜು ಬರುವವರು ಎಷ್ಟು ಅಂತ ಮೊದಲೇ ಬರೆದಿಡಬೇಕು. ನೀರಿನ ಕ್ಯಾನು, ಸ್ಟೀಲ್ ತಟ್ಟೆ ಇಲ್ಲಿಂದಲೇ ಹಾಕಿಕೊಂಡು ಹೋದರೆ ಅಲ್ಲಿ ಬಾಟಲಿ ಎಸೆಯುವ ಪ್ರಶ್ನೆ ಬರುವುದಿಲ್ಲ. ಜೂನ್‌ನಿಂದ ಮಳೆ ಬಿಡುವವರೆಗೆ ನೀರಿಗಿಳಿಯುವ ಯೋಚನೆಯೇ ಬೇಡ. ಮಲ್ಪೆಯಲ್ಲಿ ದ್ವೀಪಕ್ಕೆ ದೋಣಿ ಓಡುವುದು ಸಮುದ್ರ ಶಾಂತವಾದ ಮೇಲೆಯೇ, ಹಾಗಾಗಿ ಬಸ್ಸು ಬುಕ್ ಮಾಡುವ ಮೊದಲು ಅಲ್ಲಿಗೆ ಫೋನು ಮಾಡಿ ಕೇಳಿ ಹೊರಡುವುದು ಒಳ್ಳೆಯದು.